ಟೈಲರಮ್ಮ ಸುಳ್ಳು ಬಿಟ್ಟ ತಪಸ್ಸುಕಾಲ

ಬೂದಿ ಬುಧವಾರದ ಬೆಳಗಿನ ಪೂಜೆ ಮುಗಿಸಿ, ಹಣೆಯ ಮೇಲೆ ಬೂದಿಯ ಶಿಲುಬೆ ಇಟ್ಟುಕೊಂಡು ಮನೆಗೆ ಬಂದ ಟೈಲರಮ್ಮ, ಚಪ್ಪಲಿ ಬಿಡುವ ಮೊದಲೇ ಗಂಡನಿಗೆ ಸುದ್ದಿ ಮುಟ್ಟಿಸಿದಳು. "ಈ ಸಲ ನಾನು ಸುಳ್ಳು ಬಿಟ್ಟಿದ್ದೀನಿ."

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ಕ್ರೈಸ್ತರಿಗೆ ತಪಸ್ಸುಕಾಲ, ಬೂದಿ ಬುಧವಾರ ಅದರ ಮೊದಲ ದಿನ. ಉಪವಾಸ, ಪ್ರಾರ್ಥನೆ, ತನ್ನನ್ನು ತಾನೇ ಸ್ವಲ್ಪ ವಿಚಾರಿಸಿಕೊಳ್ಳುವುದು, ಜೊತೆಗೆ ಇಷ್ಟವಾದದ್ದೊಂದನ್ನು ಬಿಡುವುದು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನು ಪ್ರತಿ ವರ್ಷ ಸಿಗರೇಟು ಬಿಡುತ್ತಿದ್ದ. ಆದರೆ ಆ ನಲವತ್ತರಲ್ಲಿ ಭಾನುವಾರಗಳು ಸೇರುವುದಿಲ್ಲ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಅಂದಿನಿಂದ ಭಾನುವಾರದ ಪೂಜೆ ಮುಗಿದದ್ದೇ ತಡ, ಚರ್ಚಿನ ಹಿಂದಿನ ಗೋಡೆಗೆ ಒರಗಿ ಆರು ದಿನದ್ದನ್ನೂ ಒಟ್ಟಿಗೆ ಸೇದಿ ಮುಗಿಸುತ್ತಿದ್ದ. ಅಂಥವನಿಗೆ ಹೆಂಡತಿಯ ಮಾತು ಕೇಳಿ ನಗು ತಡೆಯಲಾಗಲಿಲ್ಲ.

"ಸಕ್ಕರೆ ಬಿಡು, ಟೀವಿ ಬಿಡು. ಸುಳ್ಳು ಬಿಟ್ರೆ ಅಂಗಡಿ ಮುಚ್ಚಬೇಕಾಗುತ್ತೆ ಕಣೇ" ಅಂದ.

ಅದೇನೂ ಬರೀ ತಮಾಷೆಯ ಮಾತಲ್ಲ. ಮನೆಯ ಮುಂದಿನ ಕೋಣೆಯೇ ಟೈಲರಮ್ಮನ ಅಂಗಡಿ. ಬಾಗಿಲಿಗೆ ಎದುರಾಗಿ ಬಟ್ಟೆ ಕತ್ತರಿಸುವ ಮೇಜು, ಕಿಟಕಿಯ ಬೆಳಕಿಗೆ ಹೊಲಿಗೆ ಮೆಷಿನ್ನು, ಗೋಡೆಯಲ್ಲಿ ಆಳೆತ್ತರದ ಕನ್ನಡಿ, ಪಕ್ಕದಲ್ಲಿ ಒಂದು ಪರದೆ. ಮೇಜಿನ ಕೆಳಗೆ ಗಂಟು ಕಟ್ಟಿಟ್ಟ ಬಟ್ಟೆಗಳ ರಾಶಿ. ಆ ರಾಶಿ ಗಿರಾಕಿಗಳ ಕಣ್ಣಿಗೆ ಬೀಳದಿರಲೆಂದು ಮೇಜಿನ ಮೇಲಿಂದ ನೆಲದವರೆಗೆ ಇಳಿಬಿಟ್ಟ ಹಳೆಯ ಹೊದಿಕೆ. ಕತ್ತರಿಯೇ ಸೋಕಿರದ ಬಟ್ಟೆಗೆ "ಗುಂಡಿ ಒಂದು ಬಾಕಿ" ಅನ್ನುವುದು, ಎರಡು ವಾರದ ಕೆಲಸಕ್ಕೆ "ನಾಳೆ ಸಂಜೆ ಬನ್ನಿ" ಅನ್ನುವುದು, ಸಂಜೆ ಬಂದವರಿಗೆ "ಅಯ್ಯೋ, ಈಗ ತಾನೇ ಸೂಜಿ ಮುರೀತು" ಅನ್ನುವುದು, ಇವೆಲ್ಲ ಆಕೆಗೆ ನೀರು ಕುಡಿದಷ್ಟು ಸಲೀಸು. ಕೈಕೆಲಸ ಅಚ್ಚುಕಟ್ಟಾಗಿದ್ದದ್ದರಿಂದ ಜನ ಸಹಿಸಿಕೊಂಡಿದ್ದರು.

ಸುಳ್ಳಿಗೂ ಆ ಅಂಗಡಿಗೂ ಇರುವ ನಂಟು ಇನ್ನೂ ಹಳೆಯದು. ಇಪ್ಪತ್ತಮೂರನೆಯ ವಯಸ್ಸಿಗೆ ಸೊಸೆಯಾಗಿ ಈ ಮನೆಗೆ ಬಂದ ಮೊದಲ ವಾರದಲ್ಲೇ ಅತ್ತೆ, "ಹೊಲಿಗೆ ಬರುತ್ತಾ?" ಅಂತ ಕೇಳಿದ್ದರು. ನೆಟ್ಟಗೆ ಒಂದು ಗೆರೆ ಹೊಲಿಯುವುದಷ್ಟೇ ಗೊತ್ತಿದ್ದ ಹುಡುಗಿ, ಅತ್ತೆಯ ಮುಖ ನೋಡಿ ಹೆದರಿ, "ಓ, ಎಲ್ಲಾ ಬರುತ್ತೆ" ಅಂದುಬಿಟ್ಟಳು. ಮಾರನೆಯ ದಿನವೇ ಅತ್ತೆ ಟ್ರಂಕಿನ ತಳದಿಂದ ಜೋಪಾನ ಮಾಡಿಟ್ಟಿದ್ದ ಬಟ್ಟೆ ತೆಗೆದು, ಗೌನು ಹೊಲಿ ಅಂತ ಕೊಟ್ಟರು. ಹೊಲಿದು ಮುಗಿದಾಗ ಗೌನಿನ ಎರಡು ತೋಳೂ ಎಡಗೈಯವೇ ಆಗಿದ್ದವು. ಅವತ್ತು ಸೊಸೆಗೆ ಸುಳ್ಳುಬುರುಕಿ ಅನ್ನುವ ಹೆಸರು ಬಿತ್ತು. ಆ ನಾಚಿಕೆಗೇ ಆಕೆ ಕಾನ್ವೆಂಟ್ ಸಿಸ್ಟರುಗಳ ಹೊಲಿಗೆ ಶಾಲೆಗೆ ಎರಡು ವರ್ಷ ಹೋಗಿ ಕಲಿತಳು, ಊರಿಗೇ ಟೈಲರಮ್ಮ ಆದಳು. ಅತ್ತೆ ಮಾತ್ರ ಕೊಟ್ಟ ಹೆಸರನ್ನು ವಾಪಸು ತೆಗೆದುಕೊಳ್ಳಲಿಲ್ಲ. "ನಮ್ಮ ಸೊಸೆ ಹೇಳಿದ್ರಲ್ಲಿ ಅರ್ಧ ಬಿಟ್ಬಿಡಿ, ಇನ್ನರ್ಧನ ಬೇರೆಯವರ ಹತ್ರ ವಿಚಾರಿಸಿ" ಎಂದು ಅಕ್ಕಪಕ್ಕದವರಿಗೆ ಬುದ್ಧಿ ಹೇಳುತ್ತಿದ್ದರು.

ಆ ಅತ್ತೆಗೆ ಈಗ ಎಂಬತ್ತೆರಡು. ಎರಡು ವರ್ಷದಿಂದ ಮರೆವು. ಮಗನನ್ನು ಹೆಚ್ಚುಕಡಿಮೆ ಗುರುತು ಹಿಡಿಯುತ್ತಾರೆ. ಸೊಸೆ ಅವರ ಪಾಲಿಗೆ ಮನೆಗೆ ಬಂದುಹೋಗುವ ಟೈಲರಮ್ಮ, ಅಷ್ಟೆ. ಗಿರಾಕಿಗಳು ಕರೆಯುವುದನ್ನು ಕೇಳಿ ಕೇಳಿ ಅದೇ ಬಾಯಿಗೆ ಬಂದಿತ್ತು. ಸ್ನಾನ ಮಾಡಿಸಿದರೆ "ನಿಮಗೆ ತೊಂದರೆ ಕೊಟ್ಟೆ ಟೈಲರಮ್ಮ" ಅನ್ನುತ್ತಾರೆ, ತಲೆ ಬಾಚಿದರೆ "ನಿಮ್ಮ ಕೈ ಎಷ್ಟು ಮೆತ್ತಗಿದೆ" ಅನ್ನುತ್ತಾರೆ. ಬುದ್ಧಿ ನೆಟ್ಟಗಿದ್ದಾಗ ಒಂದು ದಿನವೂ ಸಿಗದ ಮರ್ಯಾದೆ ಬುದ್ಧಿ ಮಂಕಾದ ಮೇಲೆ ಸಿಕ್ಕಿತು. ಟೈಲರಮ್ಮನಿಗೆ ಇದರಿಂದ ನಗು ಬರುತ್ತಿತ್ತು, ಕೆಲವು ದಿನ ಹೊಟ್ಟೆ ಉರಿಯುತ್ತಲೂ ಇತ್ತು.

ಸುಳ್ಳು ಬಿಟ್ಟ ಮೊದಲ ವಾರ ಅಂಗಡಿಯಲ್ಲಿ ಪೀಕಲಾಟವೋ ಪೀಕಲಾಟ. ಪ್ಯಾಂಟು ಕೇಳಲು ಬಂದ ಬ್ಯಾಂಕಿನವನಿಗೆ, "ನಿಮ್ಮ ಬಟ್ಟೆ ಬಂದ ದಿನ ಹೇಗಿತ್ತೋ ಹಾಗೇ ಇದೆ, ಗಂಟು ಕೂಡ ಬಿಚ್ಚಿಲ್ಲ" ಅಂದಳು. ಅವನು ಬೈಯುವುದಕ್ಕೆಂದು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡು ಹೋದ. ಹೊಸ ಫ್ರಾಕು ತೊಟ್ಟು ಕನ್ನಡಿಯ ಮುಂದೆ ತಿರುಗಿದ ಅಂಚೆ ಕಚೇರಿಯ ಹೆಂಗಸು, "ದಪ್ಪ ಕಾಣ್ತೀನಾ?" ಅಂತ ಕೇಳಿದಳು. ಟೈಲರಮ್ಮ, "ಕಾಣ್ತೀರ. ಬಟ್ಟೆದೇನೂ ತಪ್ಪಿಲ್ಲ" ಅಂದಳು. ಇಷ್ಟರವರೆಗೆ ಎಲ್ಲ ಸರಿಯೇ ಇತ್ತು. ಆಮೇಲೆ, ಈ ಬೀದಿಗೆ ಹೊಸದಾಗಿ ಬಂದ ಒಬ್ಬರು ಶಾಲೆ ಟೀಚರ್ ಅಳತೆ ಕೊಡುತ್ತಾ ನಿಂತಿದ್ದಾಗ, ಮಾತಿಗೆ ಮಾತು ಅಂತ, "ನಿಮಗೆ ಮಕ್ಕಳೆಷ್ಟು?" ಎಂದು ಕೇಳಿದರು.

ಈ ಪ್ರಶ್ನೆಗೆ ಟೈಲರಮ್ಮನ ಹತ್ತಿರ ಸದಾ ಸಿದ್ಧವಾಗಿರುವ ಉತ್ತರವೊಂದಿತ್ತು. "ಆಗ್ಲೇ ಇಲ್ಲ, ದೇವರು ಕೊಡ್ಲಿಲ್ಲ." ಇಪ್ಪತ್ತೇಳು ವರ್ಷದಿಂದ ಹೇಳಿಕೊಂಡು ಬಂದ ಆ ಮಾತು ಅವತ್ತು ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಅದು ಸುಳ್ಳು. ಸುಳ್ಳು ಬಿಡುತ್ತೇನೆಂದು ಹೊರಟಾಗ ಆಕೆ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪುಣ್ಯಕ್ಕೆ ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿದ್ದಳು. ಹ್ಞೂಂ ಹ್ಞೂಂ ಅನ್ನುತ್ತಾ ಟೀಚರ್‌ನ ಬೆನ್ನ ಹಿಂದೆ ಹೋಗಿ ಭುಜದ ಅಳತೆ ಹಿಡಿದಳು, ಅಂಕಿ ಮರೆತು ಮತ್ತೆ ಹಿಡಿದಳು.

ಅತ್ತೆಯ ತೊಂದರೆ ಶುರುವಾದದ್ದು ಇದೇ ಹೊತ್ತಿಗೆ. ಬೂದಿ ಬುಧವಾರ ಅವರನ್ನೂ ಕೈ ಹಿಡಿದು ಚರ್ಚಿಗೆ ಕರೆದುಕೊಂಡು ಹೋಗಿದ್ದರು. ಹಣೆಗೆ ಬೂದಿ ಹಾಕಿಸಿಕೊಂಡು ಬಂದವರು ಅವತ್ತು ಉಪವಾಸ ಮಾಡಿದರು. ಅದು ಅವರ ಹಳೆಯ ರೂಢಿ. ಮಾರನೆಯ ದಿನ ಬೆಳಿಗ್ಗೆ ಸೂಪಿನ ಬಟ್ಟಲು ನೋಡಿದ್ದೇ ಮುಖ ತಿರುಗಿಸಿದರು.

"ಬೂದಿ ಬುಧವಾರ ಯಾರಾದ್ರೂ ತಿಂತಾರಾ?"

"ಅದು ನಿನ್ನೆ ಆಯ್ತು ಅತ್ತೆ. ಇವತ್ತು ಗುರುವಾರ."

ಅತ್ತೆ ಹಣೆ ಮುಟ್ಟಿ ನೋಡಿಕೊಂಡರು. ಬೂದಿ ಇರಲಿಲ್ಲ. "ಒರೆಸಿಬಿಟ್ಟಿದ್ದೀರ ನೀವು" ಅಂದರು.

ಅದರ ಮಾರನೆಯ ದಿನವೂ ಬೂದಿ ಬುಧವಾರ. ಅದರ ಮಾರನೆಯ ದಿನವೂ. ಬೆಳಗಾದರೆ ಬರೀ ನೀರು, ಸಂಜೆ ಬಲವಂತ ಮಾಡಿದರೆ ಅರ್ಧ ಲೋಟ ಹಾಲು. ಎರಡನೆಯ ವಾರ ಮುಗಿಯುವ ಹೊತ್ತಿಗೆ ಅವರ ಬಳೆ ಮೊಣಕೈವರೆಗೂ ಜಾರತೊಡಗಿತು. ರವಿಕೆಯ ಪಕ್ಕ ಹಿಡಿದು ಬಿಗಿಮಾಡುತ್ತಾ ಟೈಲರಮ್ಮ, ತನ್ನ ಟೇಪು ತೋರಿಸುತ್ತಿದ್ದ ಅಂಕಿಯನ್ನು ಎರಡು ಸಲ ನೋಡಿದಳು. ಬೀದಿ ಕೊನೆಯ ಡಾಕ್ಟರು ಬಂದು ನಾಡಿ ಹಿಡಿದು, ಬಾಗಿಲ ಹೊರಗೆ ನಿಂತು ಹೇಳಿದರು. "ಒಂದು ವಾರ ನೋಡೋಣ. ಊಟ ಶುರುವಾಗ್ಲಿಲ್ಲ ಅಂದ್ರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಕೆ ಹಾಕ್ಬೇಕಾಗುತ್ತೆ. ಈ ವಯಸ್ಸಲ್ಲಿ, ಈ ಸ್ಥಿತಿಲಿ ಹೋದವರು ಮನೆಗೆ ವಾಪಸ್ ಬರ್ತಾರೆ ಅಂತ ನಾನು ಹೇಳಲಾರೆ."

ಗಂಡನಿಗೆ ಒಂದು ಉಪಾಯ ಹೊಳೆಯಿತು. ಅವನಿಗೆ ಬೇರೆ ಯಾವ ಉಪಾಯ ಹೊಳೆಯಬೇಕು? ಒಂದು ಗುರುವಾರ ಮಧ್ಯಾಹ್ನ ಡಿಪೋದಿಂದ ಊಟಕ್ಕೆ ಬಂದವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ತಾಯಿಯ ಮಂಚದ ಪಕ್ಕ ಕೂತ.

"ಅಮ್ಮ, ಇವತ್ತು ಭಾನುವಾರ ಕಣಮ್ಮ. ಭಾನುವಾರ ಉಪವಾಸ ಇಲ್ಲ. ಬಾಯಿ ತೆಗಿ."

ಅತ್ತೆ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಭಾನುವಾರ ಉಗುರಲ್ಲಿ ಗ್ರೀಸ್ ಯಾಕಿದೆ?" ಅಂದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಟೈಲರಮ್ಮನ ಕಡೆಗೆ ತಿರುಗಿದರು. "ನೀವು ಹೇಳಿ ಟೈಲರಮ್ಮ. ಇವನ ಮಾತು ಬೇಡ. ನೀವು ಸುಳ್ಳು ಹೇಳೋರಲ್ಲ. ಇವತ್ತು ಭಾನುವಾರನಾ?"

ಗಂಡ ತಾಯಿಯ ಬೆನ್ನ ಹಿಂದಿನಿಂದ ಕಣ್ಣಲ್ಲೇ ಬೇಡಿಕೊಂಡ. ಹೂಂ ಅನ್ನು, ಒಂದೇ ಒಂದು ಹೂಂ. ಹೊಲಿಗೆ ಬರುತ್ತೆ ಅಂದಂದಿನಿಂದ ಒಂದು ಮಾತನ್ನೂ ನಂಬದವರು ಈಗ ಕಣ್ಣಲ್ಲಿ ಕಣ್ಣಿಟ್ಟು, ಮಗನನ್ನೂ ಬದಿಗೆ ಸರಿಸಿ, ಟೈಲರಮ್ಮನ ಬಾಯಿಯನ್ನೇ ನೋಡುತ್ತಿದ್ದರು.

"ಅಲ್ಲ ಅತ್ತೆ. ಗುರುವಾರ" ಅಂದಳು.

ಅಡುಗೆಮನೆಗೆ ಬಂದ ಗಂಡ ತಟ್ಟೆಯನ್ನು ಕುಕ್ಕಿದ. ಅವನು ಜೋರು ಮಾಡುವ ಜಾತಿಯವನಲ್ಲ, ಅವತ್ತು ಮಾಡಿದ. "ನಮ್ಮಮ್ಮನ ಜೀವಕ್ಕಿಂತ ನಿನ್ನ ತಪಸ್ಸು ದೊಡ್ಡದಾಯ್ತಾ? ಊರಿಗೆಲ್ಲ ಸುಳ್ಳು ಹೇಳಿದೋಳಿಗೆ ಮನೆಯವರಿಗೊಂದು ಹೇಳೋಕೆ ಕಷ್ಟನಾ?" ತಪಸ್ಸಿನ ಮಾತಲ್ಲ ಇದು ಎಂದು ಆಕೆಗೆ ಗೊತ್ತಿತ್ತು, ಆದರೆ ಏನೆಂದು ಬಿಡಿಸಿ ಹೇಳಲು ಬರಲಿಲ್ಲ. ಗಂಡ ಊಟ ಮಾಡದೆ ಡಿಪೋಗೆ ಹೋದ.

ಶುಕ್ರವಾರ ಚರ್ಚಿನ ಫಾದರ್ ತಾವಾಗಿಯೇ ಬಂದರು. ಬಂದದ್ದು ಅತ್ತೆಯನ್ನು ನೋಡಲು ಒಂದು, ಅಂಚು ಬಿಚ್ಚಿಹೋದ ತಮ್ಮ ನಿಲುವಂಗಿ ವಾಪಸು ಒಯ್ಯಲು ಇನ್ನೊಂದು. "ಇನ್ನೂ ಕೈ ಹಾಕಿಲ್ಲ ಫಾದರ್" ಅಂತ ಟೈಲರಮ್ಮ ಹೇಳಿದಾಗ, ವಯಸ್ಸಿನ್ನೂ ಮೂವತ್ತು ದಾಟದ ಆ ಮನುಷ್ಯ, "ಇಷ್ಟು ಸಂತೋಷವಾಗಿ ಯಾರೂ ನನಗೆ ಬೇಜಾರು ಮಾಡಿಲ್ಲ" ಅಂತ ನಕ್ಕರು. ಒಳಗೆ ಹೋಗಿ ಅತ್ತೆಯ ಮಂಚದ ಪಕ್ಕ ಸ್ಟೂಲು ಎಳೆದುಕೊಂಡರು.

"ಅಜ್ಜಿ, ಅರವತ್ತು ದಾಟಿದವರಿಗೆ ಉಪವಾಸ ಇಲ್ಲ. ಇದು ಚರ್ಚಿನ ನಿಯಮ. ನಾನೇ ಹೇಳ್ತಿದ್ದೀನಲ್ಲ, ಊಟ ಮಾಡಿ."

"ಅರವತ್ತು ಯಾರಿಗಾಯ್ತು?" ಅಂದರು ಅತ್ತೆ. "ನನಗಿನ್ನೂ ಐವತ್ತೈದು. ಅಜ್ಜಿಯಂತೆ ಅಜ್ಜಿ."

ಫಾದರ್ ಸೋತು ಅಂಗಡಿಗೆ ಬಂದು ಕೂತರು. ಟೈಲರಮ್ಮ ಅವರ ನಿಲುವಂಗಿಯನ್ನೇ ಮಡಿಲಿಗೆ ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದಳು. ಕೈಗೆ ಕೆಲಸ ಇದ್ದರೆ ಮಾತು ಸುಲಭ.

"ಫಾದರ್, ಒಂದು ಸುಳ್ಳು ಹೇಳಿಬಿಡ್ಲಾ?"

"ಹೇಳಿದ್ರೆ ದೇವರೇನೂ ನಿಮ್ಮ ಮೇಲೆ ಕೇಸು ಹಾಕಲ್ಲ. ಆದ್ರೆ ಅವರು ನಂಬಬೇಕಲ್ಲ."

"ನಾನು ಹೇಳಿದ್ರೆ ನಂಬ್ತಾರೆ. ಅದೇ ಕಷ್ಟ" ಅಂದಳು.

ಫಾದರ್ ಸೂಜಿಯ ಓಡಾಟ ನೋಡಿದರು. "ಯಾರಿಗೋಸ್ಕರ ಉಪವಾಸ ಅಂತ ಅವರನ್ನ ಕೇಳಿದ್ದೀರಾ?" ಅಂದರು. "ಈ ವಯಸ್ಸಿನವರು ಸುಮ್ಮಸುಮ್ಮನೆ ಹಸಿದುಕೊಂಡಿರಲ್ಲ. ನಮ್ಮಜ್ಜಿ ನನ್ನ ಒಂದೊಂದು ಪರೀಕ್ಷೆಗೂ ಉಪವಾಸ ಮಾಡೋರು. ನಾನು ಫೇಲಾದಾಗ ನನಗಿಂತ ಅವರಿಗೇ ಹೆಚ್ಚು ಸಿಟ್ಟು ಬಂದಿತ್ತು."

ಕೇಳಿರಲಿಲ್ಲ. ತಿನ್ನಿ ಅಂದಿದ್ದರು, ಬೈದಿದ್ದರು, ಕಾಡಿ ಬೇಡಿದ್ದರು. ಯಾರಿಗೆ ಅಂತ ಮಾತ್ರ ಒಬ್ಬರೂ ಕೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಸೂಪಿನ ಬಟ್ಟಲೂ ಎರಡು ತುಂಡು ಬ್ರೆಡ್ಡೂ ಹಿಡಿದು ಟೈಲರಮ್ಮ ಒಳಕೋಣೆಗೆ ಹೋದಳು. ಕಿಟಕಿಯ ಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು. ಅತ್ತೆ ದಿಂಬಿಗೆ ಒರಗಿ, ಬೆರಳಲ್ಲಿ ಜಪಮಾಲೆ ಹಿಡಿದು, ಮಣಿ ಸರಿಸಲೂ ತ್ರಾಣವಿಲ್ಲದೆ ಕೂತಿದ್ದರು.

"ಅತ್ತೆ, ಈ ಉಪವಾಸ ಯಾರಿಗೋಸ್ಕರ?"

ಅತ್ತೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಯಾರಿಗೂ ಹೇಳ್ಬೇಡಿ. ನಮ್ಮ ಸೊಸೆ ಆಸ್ಪತ್ರೆಲಿದ್ದಾಳೆ. ದಿನ ತುಂಬೋ ಮುಂಚೆನೇ ಹೆರಿಗೆ ಆಗಿಹೋಯ್ತು. ಜ್ವರ ಇಳೀತಿಲ್ಲ. ಡಾಕ್ಟರು ಇಬ್ಬರಲ್ಲಿ ಒಬ್ಬರೂ ಗ್ಯಾರಂಟಿ ಇಲ್ಲ ಅಂದ್ರಂತೆ. ಅವಳು ತನ್ನ ಕಾಲಮೇಲೆ ನಡ್ಕೊಂಡು ಮನೆಗೆ ಬರೋವರೆಗೂ ಹಗಲು ಹೊತ್ತು ಬಾಯಿಗೆ ಏನೂ ಹಾಕಲ್ಲ ಅಂತ ಹೇಳ್ಕೊಂಡಿದ್ದೀನಿ."

ಟೈಲರಮ್ಮ ಬಟ್ಟಲನ್ನು ನೆಲದ ಮೇಲಿಟ್ಟಳು.

ಆ ತಪಸ್ಸುಕಾಲ ಆಕೆಗೆ ಚೆನ್ನಾಗಿ ನೆನಪಿದೆ. ಇಪ್ಪತ್ತನಾಲ್ಕು ವಯಸ್ಸು, ಏಳನೆಯ ತಿಂಗಳು. ಮೂರು ವಾರ ಆಸ್ಪತ್ರೆಯ ಮಂಚದ ಮೇಲೆ ಬಿದ್ದಿದ್ದಳು. ವಾರ್ಡಿನಲ್ಲಿದ್ದ ಎಲ್ಲರ ಅತ್ತೆಯರೂ ಬಂದರು, ಪಕ್ಕದ ಮಂಚದವಳ ದೂರದ ಅತ್ತಿಗೆ ಕೂಡ ಬಂದಳು, ಈ ಅತ್ತೆ ಮಾತ್ರ ಒಂದು ದಿನವೂ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಅದೊಂದನ್ನು ಆಕೆ ಎಂದೂ ಬಾಯಿಬಿಟ್ಟು ಆಡಲಿಲ್ಲ, ಎಂದೂ ಮರೆಯಲೂ ಇಲ್ಲ. ಮನೆಯಲ್ಲಿ ಸಣ್ಣಪುಟ್ಟದ್ದಕ್ಕೆ ಜಗಳವಾದಾಗಲೆಲ್ಲ ಒಳಗೊಳಗೇ ಆ ಗಾಯವನ್ನು ಕೆರೆದುಕೊಂಡಿದ್ದಳು.

"ಒಂದು ಸಲನೂ ನೋಡೋಕೆ ಹೋಗ್ಲಿಲ್ವಾ ನೀವು?" ಅಂತ ಕೇಳಿದಳು.

"ಹೊರಟಿದ್ದೆ. ಚರ್ಚಿನ ಗೇಟಿನ ಹತ್ರ ತಲೆ ತಿರುಗಿ ಬಿದ್ದೆ. ಕಾಲಲ್ಲಿ ಶಕ್ತಿ ಇಲ್ಲ ನೋಡಿ. ಹೋಗೋಕೆ ಊಟ ಮಾಡ್ಬೇಕು, ಊಟ ಮಾಡಿದ್ರೆ ಅವಳ ಗತಿ?" ಅತ್ತೆ ಆಕೆಯ ಮುಂಗೈ ಹಿಡಿದರು. "ಟೈಲರಮ್ಮ, ನನ್ನ ಬದಲು ನೀವು ಹೋಗಿ ನೋಡ್ಕೊಂಡು ಬರ್ತೀರಾ? ನಿಮಗೆ ಪುಣ್ಯ ಬರುತ್ತೆ. ಅವಳು ಬಾಯಿ ತೆಗೆದ್ರೆ ಸುಳ್ಳು, ಆದ್ರೆ ಒಳ್ಳೆ ಹುಡುಗಿ."

"ಆ ಸೊಸೆ ನಾನೇ ಅತ್ತೆ."

ಅತ್ತೆ ಆಕೆಯ ನರೆತ ಕೂದಲು, ಕುತ್ತಿಗೆಯಲ್ಲಿ ನೇತಾಡುವ ಟೇಪು, ಮೂಗಿನ ತುದಿಯ ಕನ್ನಡಕ ಎಲ್ಲ ನೋಡಿದರು. "ತಮಾಷೆ ಮಾಡಬೇಡಿ. ಅವಳಿನ್ನೂ ಎಳೆ ಹುಡುಗಿ" ಅಂದರು.

ನಿಜ ಹೇಳಿದರೂ ನಂಬದಿದ್ದರೆ ಇನ್ನೇನು ಮಾಡುವುದು? ಟೈಲರಮ್ಮ ಕಣ್ಣು ಒರೆಸಿಕೊಂಡು, ಬಟ್ಟೆಯ ಅಳತೆ ಬರೆಸುವವಳ ಹಾಗೆ ಒಂದೊಂದೇ ಮಾತನ್ನು ನೋಡಿ ನೋಡಿ ಇಟ್ಟಳು. "ನಿಮ್ಮ ಸೊಸೆ ಉಳಿದಳು ಅತ್ತೆ. ಜ್ವರ ಇಳೀತು. ಆಸ್ಪತ್ರೆಯಿಂದ ಮನೆಗೆ ಬಂದ್ಲು. ಯಾರ ಕೈಯೂ ಹಿಡೀದೆ, ತಾನೇ ನಡ್ಕೊಂಡು, ಈ ಬಾಗಿಲಲ್ಲೇ ಒಳಗೆ ಬಂದ್ಲು. ನಾನು ಸುಳ್ಳು ಹೇಳ್ತಿಲ್ಲ."

"ಬಂದ್ಲಾ?" ಅತ್ತೆಯ ಮುಖ ಅರಳಿತು. ಶಿಲುಬೆಯ ಗುರುತು ಹಾಕಿಕೊಂಡರು. ಟೈಲರಮ್ಮ ಬಟ್ಟಲು ಎತ್ತಿಕೊಂಡು ಚಮಚ ತುಂಬಿದಳು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನಿಲ್ಲಿಸಿದರು.

"ಮಗು?"

ಚಮಚ ನಡುದಾರಿಯಲ್ಲಿ ನಿಂತಿತು. ಚೆನ್ನಾಗಿದೆ ಅಂದರೆ ಮುಗಿಯಿತು. ಅತ್ತೆ ಊಟ ಮಾಡುತ್ತಾರೆ, ಆಸ್ಪತ್ರೆ ತಪ್ಪುತ್ತದೆ, ಗಂಡನ ಸಿಟ್ಟು ಇಳಿಯುತ್ತದೆ. ಇಲ್ಲ ಅಂದರೆ ಈ ಎದೆಗೂಡು ಅದನ್ನು ತಡೆಯುತ್ತದೋ ಇಲ್ಲವೋ. ಆದರೆ ಇದ್ದ ಮಗುವನ್ನು ಇಲ್ಲ ಅಂದದ್ದು ಒಂದು ಸುಳ್ಳು. ಇಲ್ಲದ ಮಗುವನ್ನು ಇದೆ ಅನ್ನುವುದು ಆಕೆಯ ಕೈಲಾಗಲಿಲ್ಲ.

"ಮಗು ಉಳೀಲಿಲ್ಲ ಅತ್ತೆ. ಹೆಣ್ಣು. ಮೂರು ದಿನ ಇತ್ತು."

ಅತ್ತೆ ಅಳುತ್ತಾರೆಂದುಕೊಂಡಿದ್ದಳು. ಅವರು ಅಳಲಿಲ್ಲ. ಹೊದಿಕೆಯ ಮೇಲಿನ ಬಿಸಿಲನ್ನು ಅಂಗೈಯಿಂದ ಸವರಿದರು. ಆಮೇಲೆ ಕೇಳಿದರು. "ಅವಳು ಊಟ ಮಾಡಿದ್ಲಾ?"

"ಯಾರು?"

"ನನ್ನ ಸೊಸೆ. ಮಗು ಕಳ್ಕೊಂಡವಳನ್ನ ಒಬ್ಬಳನ್ನೇ ಊಟಕ್ಕೆ ಕೂರಿಸಬಾರದು. ಗಂಟಲಲ್ಲಿ ಇಳಿಯಲ್ಲ."

"ಇನ್ನೂ ಮಾಡಿಲ್ಲ" ಅಂದಳು ಟೈಲರಮ್ಮ. ನಿಜವೇ, ಗಂಟೆ ಒಂದೂವರೆ ದಾಟಿತ್ತು, ಬೆಳಗಿನಿಂದ ಆಕೆಯ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಎಲ್ಲಿದ್ದಾಳೆ?"

"ಇಲ್ಲೇ ಇದ್ದಾಳೆ ಅತ್ತೆ."

ಅತ್ತೆ ಸುತ್ತ ನೋಡಿದರು. ಕೋಣೆಯಲ್ಲಿ ಇನ್ನೊಬ್ಬರಿರಲಿಲ್ಲ. ನೋಟ ತಿರುಗಿ ಬಂದು ಟೈಲರಮ್ಮನ ಮುಖದ ಮೇಲೆ ನಿಂತಿತು. ಗುರುತು ಸಿಕ್ಕಿತೋ ಇಲ್ಲವೋ ದೇವರಿಗೇ ಗೊತ್ತು. ಕೈ ಚಾಚಿ ಬ್ರೆಡ್ಡಿನ ತುಂಡು ಮುರಿದು, ಸೂಪಿನಲ್ಲಿ ಅದ್ದಿ, ಆಕೆಯ ಬಾಯಿಯ ಹತ್ತಿರ ಹಿಡಿದರು. "ಬಾ, ಕೂತ್ಕೋ. ಒಂದು ತುತ್ತು ನಿನಗೆ, ಒಂದು ತುತ್ತು ನನಗೆ" ಅಂದರು.

ಹಾಗೆ ಇಬ್ಬರೂ ಊಟ ಮಾಡಿದರು. ಟೈಲರಮ್ಮ ನುಂಗಿದ್ದರಲ್ಲಿ ಸೂಪೆಷ್ಟು ಕಣ್ಣೀರೆಷ್ಟು ಅಂತ ಹೇಳುವುದು ಕಷ್ಟ. ಬಟ್ಟಲು ಖಾಲಿಯಾಯಿತು.

ಅದು ಒಂದು ದಿನಕ್ಕೆ ಮುಗಿಯುವ ಮಾತಾಗಿರಲಿಲ್ಲ. ಭಾನುವಾರ ಬೆಳಗಾದರೆ ಮತ್ತೆ ಬೂದಿ ಬುಧವಾರ, ಮತ್ತೆ ಸೊಸೆ ಆಸ್ಪತ್ರೆಯಲ್ಲಿ. ದಿನಾ ಮಧ್ಯಾಹ್ನ ಟೈಲರಮ್ಮ ಸ್ಟೂಲು ಎಳೆದುಕೊಂಡು ಕೂತು ಅದೇ ಕಥೆಯನ್ನು ಮೊದಲಿನಿಂದ ಹೇಳಬೇಕು. ಸೊಸೆ ಉಳಿದಳು, ಮಗು ಉಳಿಯಲಿಲ್ಲ. ಮೊದಮೊದಲು ಎದೆಯ ಮೇಲೆ ಕಲ್ಲು ಎಳೆದ ಹಾಗಾಗುತ್ತಿತ್ತು. ಆಮೇಲೆ ಅತ್ತೆಯ ಪ್ರಶ್ನೆಗಳು ಹೆಚ್ಚಿದವು, ಉತ್ತರಗಳೂ ಉದ್ದವಾದವು. ಕೂದಲಿತ್ತಾ? ಇತ್ತು, ಕಿವಿ ಮುಚ್ಚುವಷ್ಟು. ಯಾರ ಹಾಗಿತ್ತು? ಗಲ್ಲ ನಿಮ್ಮ ಮಗನದೇ. ಎತ್ತಿಕೊಂಡ್ಲಾ ಅವಳು? ಒಂದೇ ಸಲ, ಎರಡನೆಯ ದಿನ, ನರ್ಸು ತಂದು ಎದೆಯ ಮೇಲಿಟ್ಟಾಗ. ಆಗ ಮಗು ಆಕಳಿಸಿತು ಅತ್ತೆ. ಅಷ್ಟು ಚಿಕ್ಕ ಬಾಯಿ ತೆಗೆದು, ದಿನವೆಲ್ಲ ದುಡಿದು ಬಂದವರ ಹಾಗೆ ಆಕಳಿಸಿತು. ಅತ್ತೆ ನಕ್ಕರು. ಟೈಲರಮ್ಮನೂ ನಕ್ಕಳು, ನಕ್ಕದ್ದಕ್ಕೆ ತಾನೇ ಬೆಚ್ಚಿಬಿದ್ದಳು.

ಒಂದು ದಿನ ಅತ್ತೆ, "ಹೆಸರಿಟ್ರಾ ಮಗುಗೆ?" ಅಂತ ಕೇಳಿದರು. "ಇಟ್ರು" ಅಂದಳು ಟೈಲರಮ್ಮ. "ಸೂಪು ಆರ್ತಾ ಇದೆ, ತಿನ್ನಿ ಅತ್ತೆ" ಅಂದುಬಿಟ್ಟಳು. ಆ ಹೆಸರನ್ನು ಆಕೆ ಗಂಡನಿಗೂ ಹೇಳಿರಲಿಲ್ಲ.

ಗಂಡನಿಗೆ ವಿಷಯ ತಿಳಿದದ್ದು ಮೂರನೆಯ ದಿನ. ಊಟಕ್ಕೆ ಬಂದವನು ಕೋಣೆಯೊಳಗಿನ ಮಾತು ಕೇಳಿ ಬಾಗಿಲಲ್ಲೇ ನಿಂತ. ಪಾತ್ರೆ ಎತ್ತಿಕೊಂಡು ಹೊರಬಂದ ಹೆಂಡತಿಯ ಹಿಂದೆ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ಗ್ರೀಸಿಲ್ಲದ ಕೈಯನ್ನೇ ತೊಳೆಯುತ್ತಾ ನಿಂತ.

"ಆಗ ಅತ್ತೆ ಉಪವಾಸ ಇದ್ದಿದ್ದು ನಿಮಗೆ ಗೊತ್ತಿತ್ತಾ?" ಅಂತ ಆಕೆ ಕೇಳಿದಳು.

"ಹೇಳ್ಬೇಡ ಅಂದಿದ್ಲು."

"ಇಪ್ಪತ್ತೇಳು ವರ್ಷನಾ?"

"ಹೇಳು ಅಂತ ಆಮೇಲೆ ಯಾರೂ ಅನ್ಲಿಲ್ಲ" ಅಂದ. ನಲ್ಲಿ ನಿಲ್ಲಿಸಿ, "ಆಕಳಿಸಿತ್ತಾ ಅದು?" ಅಂತ ಕೇಳಿದ. "ನನಗೆ ನೋಡೋಕೆ ಸಿಗ್ಲಿಲ್ಲ."

ಆಕೆ ಅವನಿಗೂ ಇನ್ನೊಂದು ಸಲ ಹೇಳಿದಳು.

ಹೀಗೇ ದಿನಗಳು ಕಳೆದವು. ಅತ್ತೆಯ ಬಳೆ ಮೊಣಕೈಯಿಂದ ಕೆಳಗೆ ಇಳಿಯಿತು. ಡಾಕ್ಟರು ಏನು ಔಷಧಿ ಕೊಟ್ಟಿರೆಂದು ಕೇಳಿ, ಉತ್ತರ ಕೇಳುವಷ್ಟು ಪುರುಸೊತ್ತಿಲ್ಲದೆ ಹೋದರು. ಅಂಗಡಿಯಲ್ಲಿ ಬಟ್ಟೆಯ ರಾಶಿ ಅರ್ಧಕ್ಕಿಳಿಯಿತು. ನೆಪ ಹೇಳುವ ಹಾಗಿಲ್ಲದವರಿಗೆ ಹೊಲಿಯದೆ ಬೇರೆ ದಾರಿ ಇಲ್ಲ.

ಈಸ್ಟರ್ ಭಾನುವಾರ ಬೆಳಿಗ್ಗೆ ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಚರ್ಚಿಗೆ ಕರೆದುಕೊಂಡು ಹೋದರು. ಇಷ್ಟು ದಿನ ನೇರಳೆ ಬಟ್ಟೆ ಹೊದ್ದಿದ್ದ ಪ್ರತಿಮೆಗಳ ಮುಖ ತೆರೆದಿತ್ತು, ಗಂಟೆಗಳು ಒಟ್ಟಿಗೆ ಮೊಳಗಿದವು. ಅತ್ತೆ ಗಂಟೆಗಳ ಸದ್ದಿಗೆ ತಲೆ ಎತ್ತಿ, "ಹಬ್ಬ ಬಂತು" ಅಂದರು. ಅದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮನೆಗೆ ಬಂದು ಮೊಟ್ಟೆ ತಿಂದರು, ಮಧ್ಯಾಹ್ನ ಕೇಕು ಬೇಕೆಂದು ಕೇಳಿ ತಿಂದರು.

ಟೈಲರಮ್ಮ ಎಂದಿನಂತೆ ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತಳು. ಪ್ರಶ್ನೆ ಬರುತ್ತದೆಂದು ಕಾದಳು. ಬರಲಿಲ್ಲ. ಉಪವಾಸವಿಲ್ಲ, ಆಸ್ಪತ್ರೆಯಿಲ್ಲ, ಸೊಸೆಯ ಚಿಂತೆಯಿಲ್ಲ. ಅತ್ತೆ ಹೊದಿಕೆಯ ಮೇಲೆ ಬಿದ್ದ ಕೇಕಿನ ಪುಡಿಯನ್ನು ಬೆರಳಿಗೆ ಅಂಟಿಸಿಕೊಂಡು ತಿನ್ನುತ್ತಿದ್ದರು. ತಪಸ್ಸುಕಾಲ ಮುಗಿದಿತ್ತು, ಇನ್ನು ಟೈಲರಮ್ಮ ಏನು ಬೇಕಾದರೂ ಹೇಳಬಹುದಿತ್ತು, ಏನೂ ಹೇಳದೆಯೂ ಇರಬಹುದಿತ್ತು. ಹಾಯಾಗಿ ಎದ್ದುಹೋಗಬೇಕಾದವಳಿಗೆ ಎದ್ದುಹೋಗಲು ಮನಸ್ಸು ಬರಲಿಲ್ಲ. ಇಷ್ಟು ದಿನ ಮಧ್ಯಾಹ್ನಕ್ಕೊಂದು ಸಲ ಈ ಕೋಣೆಗೆ ಬಂದುಹೋಗುತ್ತಿದ್ದ ಮಗು ಇವತ್ತು ಬರುವುದಿಲ್ಲವಲ್ಲ ಅನ್ನಿಸಿತು.

"ಅತ್ತೆ, ಮಗುಗೆ ಒಂದು ಹೆಸರಿಟ್ಟಿದ್ರು" ಅಂದಳು.

"ಯಾವ ಮಗು?"

"ನನ್ನ ಮಗು. ನನಗೊಂದು ಹೆಣ್ಣು ಮಗು ಇತ್ತು ಅತ್ತೆ."

ಆ ಮಾತನ್ನು ಹಾಗೆ ನೇರವಾಗಿ ಆಕೆ ಜೀವಮಾನದಲ್ಲಿ ಮೊದಲ ಸಲ ಆಡಿದ್ದು. ಅತ್ತೆ ತಿನ್ನುವುದು ನಿಲ್ಲಿಸಿದರು.

"ಉಳಿಯೋ ಹಾಗಿಲ್ಲ ಅಂತ ನರ್ಸು ತಾನೇ ನೀರು ಹಾಕಿ ಜ್ಞಾನಸ್ನಾನ ಮಾಡಿಸಿದ್ಲು. ಹೆಸರೇನು, ಬೇಗ ಹೇಳು ಅಂದ್ಲು. ನನಗೆ ನಿಮ್ಮ ಮೇಲೆ ಕೆಟ್ಟ ಸಿಟ್ಟಿತ್ತು. ನೋಡೋಕೆ ಬರ್ಲಿಲ್ಲ ಅಂತ. ಆದ್ರೂ ಬಾಯಿಗೆ ನಿಮ್ಮ ಹೆಸರೇ ಬಂತು. ಅದನ್ನೇ ಹೇಳಿದೆ."

ಅತ್ತೆ ತಮ್ಮ ಹೆಸರನ್ನು ಮೆಲ್ಲಗೆ ಒಂದು ಸಲ ಹೇಳಿಕೊಂಡರು. ಇನ್ನೊಂದು ಸಲ ಹೇಳುವಾಗ ಅದು ತಮ್ಮ ಹೆಸರಾಗಿರಲಿಲ್ಲ, ಅಂಗಳದಲ್ಲಿ ಆಡುತ್ತಿರುವ ಮಗುವನ್ನು ಒಳಗೆ ಕರೆಯುವ ಹಾಗಿತ್ತು.

"ಎಷ್ಟು ದಿನ ಇದ್ಲು ಅಂದೆ?"

"ಮೂರು ದಿನ."

"ಹಾಗಾದ್ರೆ ಮೂರು ದಿನ ಆ ಹೆಸರಿನವರು ನಾವು ಇಬ್ಬರಿದ್ವಿ" ಅಂದರು ಅತ್ತೆ.

"ಹೌದು ಅತ್ತೆ. ಇಬ್ಬರಿದ್ರಿ."

ಟೈಲರಮ್ಮ ಇನ್ನು ತಡೆದುಕೊಳ್ಳಲಿಲ್ಲ. ಮಂಚದ ಅಂಚಿಗೆ ತಲೆಯಿಟ್ಟು ಜೋರಾಗಿ ಅತ್ತಳು. ಅಳಬೇಡ ಅಂತ ಅತ್ತೆ ಹೇಳಲಿಲ್ಲ. ಕೇಕಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ಆಕೆಯ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಆ ಹೆಸರನ್ನು ಮತ್ತೆ ಮತ್ತೆ ಕರೆಯುತ್ತಾ ಕೂತರು.